ಇಲ್ಲದ ಪೆಟ್ಟಿಗೆಯ ರಿಪೇರಿ

"ಇಲ್ದೆ ಇರೋ ಪೆಟ್ಗೆ ಕೆಟ್ಟೋಗೈತೆ ಅಂತೀಯಲ್ಲೋ ಆಫ್ತಾಬು. ಇಲ್ದೆ ಇರೋದು ಹೆಂಗ್ಲಾ ಕೆಡ್ತದೆ?"

ಬೈರಾಪಟ್ಟಣದ ಬೈರಪ್ಪ ಗೌಡರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಆಫ್ತಾಬ್ ಅವರ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ. ಉತ್ತರ ಅವನಲ್ಲಿತ್ತು. ಹೇಳಿದರೆ ಗೌಡರು ಇನ್ನೂ ನಾಲ್ಕು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ ಎಂಬ ಭಯವೂ ಇತ್ತು.

"ಪೆಟ್ಗೆ ಇಲ್ಲ ಗೌಡ್ರೇ. ಆದ್ರೆ ಐತೆ ಅಂತ ಕಂಪ್ಯೂಟರ್‌ಗೆ ನಂಬ್ಸಿದೀನಿ. ಆ ನಂಬ್ಸೋದು ಕೆಟ್ಟೈತೆ."

"ಅಂದ್ರೆ ನೀನು ಹೇಳಿರೋ ಸುಳ್ಳು ಕೆಟ್ಟೋಗೈತೆ."

"ಹಂಗೇ ಅನ್ಕಳಿ."

"ಕೆಟ್ಟೋಗಿರೋ ಸುಳ್ಳನ್ನ ರಿಪೇರಿ ಮಾಡಕ್ಕೆ ಗಾಡಿಗೆ ಪೆಟ್ರೋಲ್ ಹಾಕಿಸ್ಕಂಡು ಬಂದಿದೀಯ," ಎಂದರು ಗೌಡರು. ನಗಲಿಲ್ಲ. ಅವರು ನಗುವ ಪೈಕಿಯೇ ಅಲ್ಲ.

ಸಂಗತಿ ಏನೆಂದರೆ, ಗೌಡರ ಹಿತ್ತಿಲಲ್ಲಿ ಅವರ ಸೊಸೆ ಭಾನುಪ್ರಿಯ ಒಂದು ಚಾಕಿ ಮನೆ ನಡೆಸುತ್ತಿದ್ದಳು. ಚಾಕಿ ಮನೆ ಎಂದರೆ ರೇಷ್ಮೆ ಹುಳುಗಳ ಬಾಲವಾಡಿ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರ ಏಳುವ ತನಕ ಮರಿಗಳನ್ನು ಸಾಕಿ, ಆಮೇಲೆ ರೈತರಿಗೆ ಒಪ್ಪಿಸುವುದು. ಜ್ವರ ಅಂದೆನೆಂದು ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ. ಹುಳು ಬೆಳೆದು ಚರ್ಮ ಬಿಗಿಯಾದಾಗ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲುಗಾಡದೆ ಮಲಗುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಅದನ್ನೇ ನಮ್ಮ ಕಡೆ ಜ್ವರಕ್ಕೆ ಕೂತಿತು, ಜ್ವರ ಎದ್ದಿತು ಎನ್ನುವುದು.

ಆ ಮರಿಗಳಿಗೆ ಶಾಖ ಒಂದು ಹದದಲ್ಲಿರಬೇಕು. ಅದಕ್ಕೆಂದು ಭಾನುಪ್ರಿಯ ಒಂದು ಕಂಪನಿಯಿಂದ ಪೆಟ್ಟಿಗೆ ತರಿಸಿದ್ದಳು. ಲ್ಯಾಪ್‌ಟಾಪಿನಲ್ಲಿ ಅದರದೇ ಪ್ರೋಗ್ರಾಮು. ಪೆಟ್ಟಿಗೆ ಶಾಖ ಅಳೆದು ಹೇಳಿದರೆ, ಪ್ರೋಗ್ರಾಮು ಹೀಟರ್ ಹಾಕುವುದು, ಆರಿಸುವುದು. ಎರಡು ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು. ಅದಾದ ತಿಂಗಳಿಗೆ ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕು ಎರಡೂ ಸುಟ್ಟುಹೋದವು. ಪ್ರೋಗ್ರಾಮೋ ಪತಿವ್ರತೆ. ಆ ಪೆಟ್ಟಿಗೆ ಬಿಟ್ಟು ಬೇರೆಯವರ ಜೊತೆ ಮಾತಾಡದು. ಆಗ ಆಫ್ತಾಬ್ ಎಂಟು ಸೆನ್ಸರ್ ತಂದು ಗೋಡೆ ಗೋಡೆಗೆ ಕೂರಿಸಿ, ಸತ್ತ ಪೆಟ್ಟಿಗೆಯ ದನಿಯಲ್ಲಿ ಮಾತಾಡುವ ಡ್ರೈವರ್ ಎಂಬ ಒಂದು ಪುಟ್ಟ ಪ್ರೋಗ್ರಾಮು ಬರೆದ. ಕಂಪ್ಯೂಟರಿನ ಕಣ್ಣಿಗೆ ಪೆಟ್ಟಿಗೆ ಮತ್ತೆ ಹುಟ್ಟಿತು. ಕೈಯಲ್ಲಿ ಮುಟ್ಟಲು ಏನೂ ಇರಲಿಲ್ಲ. ಆ ದಿನ ಅವನು ಎಷ್ಟು ಬೀಗಿದನೆಂದರೆ, ಮರದ ಬೊಂಬೆ ಕಡೆಯುವ ಅವನ ತಾಯಿ ಅಕ್ಬರಿ ಬೇಗಂ, "ಬೊಂಬೆ ಮಾಡಿದರೆ ಮಗು ಹಿಡಿದು ಆಡುತ್ತದೆ, ನೀನು ಮಾಡಿದ್ದನ್ನು ಹಿಡಿಯುವುದು ಹೇಗೆ?" ಎಂದು ಕೇಳಿದ್ದು ಅವನ ಕಿವಿಗೇ ಬೀಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ಲ್ಯಾಪ್‌ಟಾಪ್ ಯಾವಾಗಲೋ ನಿದ್ದೆಗೆ ಹೋಗುವುದು. ಎದ್ದರೆ ಡ್ರೈವರ್ ಸತ್ತು ಪರದೆ ಪೂರಾ ನೀಲಿ. ನಾಲ್ಕೂ ಹೀಟರ್ ಧಗಧಗ. ಭಾನುಪ್ರಿಯ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುವ ಹೊತ್ತಿಗೆ ಮನೆಯೊಳಗೆ ಕಾಲಿಡಲಾಗದ ಶಾಖ. ಎರಡು ಸರದಿ ಹಾಗಾಗಿ, ಎರಡು ಸಲವೂ ಕಾಲು ಭಾಗ ಮರಿ ಹೋದವು. ಎರಡು ಸಲವೂ ಹುಳು ಜ್ವರಕ್ಕೆ ಕೂತ ದಿನವೇ ಆಗಿದ್ದು. ಅಂಗಡಿಗೆ ಒಯ್ದು ನೋಡಿದರೆ ಅದೇ ಲ್ಯಾಪ್‌ಟಾಪ್ ವಾರಗಟ್ಟಲೆ ಕಣ್ಣು ಮಿಟುಕಿಸದೆ ಓಡುತ್ತಿತ್ತು. ಆಫ್ತಾಬ್ ನಿದ್ದೆಯ ಸೆಟ್ಟಿಂಗ್ ತೆಗೆದ, ಬ್ಯಾಟರಿ ಬದಲಿಸಿದ, ಯುಪಿಎಸ್ ಇಟ್ಟ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಈಗ ಮೂರನೇ ಸರದಿ. ಮೂವತ್ತೆರಡು ಮನೆಯವರು ಮರಿಗೆ ಹೆಸರು ಬರೆಸಿದ್ದರು. ಗೌಡರು ಸೊಸೆಗೆ ಒಂದೇ ಮಾತು ಹೇಳಿದ್ದರು: ಈ ಸಲವೂ ಹುಳು ಕೆಟ್ಟರೆ ಚಾಕಿ ಮನೆ ಖಾಲಿ ಮಾಡು, ಕುರಿ ಕಟ್ಟುತ್ತೇನೆ. ಬರೀ ಹೇಳಿ ಬಿಡುವ ಆಸಾಮಿಯೇ? ಮೂರು ಕುರಿ ತಂದು ಚಾಕಿ ಮನೆಯ ಎದುರಿನ ಬೇವಿನ ಮರಕ್ಕೆ ಕಟ್ಟಿಯೂ ಆಗಿತ್ತು. ಅವು ದಿನವಿಡೀ ಆ ಬಾಗಿಲನ್ನೇ ನೋಡುತ್ತ ಮೆಲುಕು ಹಾಕುತ್ತಿದ್ದವು. ಭಾನುಪ್ರಿಯ ತರಬೇತಿಗೆ ಹೋಗಿ ಕಲಿತು, ಒಂದೊಂದು ಇಟ್ಟಿಗೆಗೂ ಮಾವನ ಜೊತೆ ವಾದ ಮಾಡಿ ಕಟ್ಟಿಸಿದ ಮನೆ ಅದು. ಅವಳು ಆಫ್ತಾಬನನ್ನು ಒಮ್ಮೆಯೂ ಬೈದಿರಲಿಲ್ಲ. "ಆಫ್ತಾಬಣ್ಣ, ಈ ಸಲ ಆಯ್ತದಾ?" ಎಂದಷ್ಟೇ ಕೇಳಿದ್ದಳು. ಬೈದಿದ್ದರೆ ವಾಸಿಯಿತ್ತು. ತನ್ನ ಡ್ರೈವರಿನಿಂದ ಒಬ್ಬಳ ಬದುಕು ಕುರಿ ಕೊಟ್ಟಿಗೆಯಾಗುತ್ತದಲ್ಲ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಕಂಪ್ಯೂಟರ್ ಮಲಗದಿದ್ದರೆ ಏಳುವ ಪ್ರಶ್ನೆಯೇ ಇಲ್ಲ, ಏಳದಿದ್ದರೆ ಸಾಯುವ ಪ್ರಶ್ನೆಯೂ ಇಲ್ಲ ಎಂದು ಅವನು ಲೆಕ್ಕ ಹಾಕಿದ. ಬುದ್ಧಿವಂತರ ಲೆಕ್ಕ! ಭಾನುಪ್ರಿಯ ಮೊಟ್ಟೆ ಒಡೆದ ದಿನದಿಂದ ಲ್ಯಾಪ್‌ಟಾಪಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಐದು ನಿಮಿಷಕ್ಕೊಮ್ಮೆ ಒಂದು ಕೀ ಒತ್ತಿದಳು. ಆದರೆ ಸೊಪ್ಪು ತರಲು ತೋಟಕ್ಕೆ ಹೋಗಬೇಕಲ್ಲ? ಆ ಹೊತ್ತಿಗೆಂದು ಅಕ್ಬರಿ ಬೇಗಂ ಒಂದು ಮರಕುಟಿಗ ಕಡೆದುಕೊಟ್ಟರು. ಹಾಲೆಮರದ್ದು, ಕೆಂಪು ಅರಗಿನ ಜುಟ್ಟು, ಹಳದಿ ಕೊಕ್ಕು. ಕೆಟ್ಟ ಟೇಬಲ್ ಫ್ಯಾನಿನ ಮೋಟಾರಿಗೆ ಕಟ್ಟಿದರೆ ಟಕ್ ಟಕ್ ಎಂದು ಕೀಬೋರ್ಡ್ ಕುಟ್ಟುತ್ತ ಕೂರುವುದು. ಆಫ್ತಾಬ್ ಅದನ್ನು ಯಾವ ತೊಂದರೆಯನ್ನೂ ಮಾಡದ ಒಂದು ಕೀಯ ಮೇಲೆ ಕೂರಿಸಿ ತಾನು ಜಗಲಿಗೆ ಬಂದು ಕೂತಿದ್ದ. ಆಗಲೇ ಗೌಡರು ಆ ನ್ಯಾಯವಾದ ಪ್ರಶ್ನೆ ಕೇಳಿದ್ದು. ಅಂದು ಹುಳು ಮೊದಲನೇ ಜ್ವರಕ್ಕೆ ಕೂತ ದಿನ.

ಅಷ್ಟರಲ್ಲಿ ಗೌಡರ ಜೇಬಿನಲ್ಲಿ ಮೊಬೈಲ್ ಕುಂಯ್ ಎಂದಿತು. ತೆಗೆದು ನೋಡಿದರು. "ನಿಮ್ಮ ಹುಳುಗಳು ಕ್ಷೇಮವಾಗಿವೆ. ಇಂತಿ, ಭಾನುಪ್ರಿಯ ಚಾಕಿ ಕೇಂದ್ರ." ಒಳ್ಳೆಯದೇ ಆಯಿತು ಎಂದು ಒಳಗಿಟ್ಟರು. ಮತ್ತೆ ಕುಂಯ್. ಅದೇ ಸುದ್ದಿ. ಮತ್ತೆ. ಮತ್ತೆ. ಆಫ್ತಾಬ್ ದಡಬಡಿಸಿ ಎದ್ದ. ಮರಕುಟಿಗ ಕುಟ್ಟಿಕೊಳ್ಳುತ್ತ ಕುಟ್ಟಿಕೊಳ್ಳುತ್ತ ಒಸಿ ಒಸಿಯೇ ಸರಿದು ಎಂಟರ್ ಕೀಗೆ ಬಂದಿತ್ತು, ಪರದೆಯ ಮೇಲೆ ರೈತರಿಗೆಲ್ಲ ಸುದ್ದಿ ಕಳಿಸುವ ಗುಂಡಿ ಕಾದು ಕೂತಿತ್ತು. ಅವನು ಓಡಿ ಹೋಗಿ ಮೋಟಾರ್ ಆರಿಸುವಷ್ಟರಲ್ಲಿ ಮೂವತ್ತೆರಡು ಮನೆಗೂ ತಲಾ ಎಪ್ಪತ್ತೊಂದು ಸಲ ಕ್ಷೇಮ ಸಮಾಚಾರ ಹೋಗಿತ್ತು.

ಒಂದು ಸಲ ಕ್ಷೇಮ ಎಂದರೆ ಜನ ನಂಬುತ್ತಾರೆ. ಎಪ್ಪತ್ತೊಂದು ಸಲ ಎಂದರೆ ಎದ್ದು ಓಡಿ ಬರುತ್ತಾರೆ. ಅರ್ಧ ಗಂಟೆಯಲ್ಲಿ ಅಂಗಳದ ತುಂಬ ಬೈಕುಗಳು. ಮಾಗಡಿ ಕಡೆಯಿಂದ ಮರಿ ಒಯ್ಯುತ್ತಿದ್ದ ನರೇಂದ್ರ, ಅವತ್ತು ಏನೋ ಕೆಲಸಕ್ಕೆ ಚನ್ನಪಟ್ಟಣಕ್ಕೆ ಬಂದಿದ್ದವನು, ಎಲ್ಲರಿಗಿಂತ ಮುಂದೆ ನಿಂತು ಕೂಗಿದ: "ಎಲ್ಲಾ ಸತ್ತೋಗವೆ ಅಂತ ನೆಟ್ಟಗೆ ಹೇಳ್ಬುಡಿ ಗೌಡ್ರೇ! ಕ್ಷೇಮ ಕ್ಷೇಮ ಅಂತ ಯಾಕೆ ಸಾಯ್ಸ್ತೀರಿ?" ಹುಳು ನಿಜವಾಗಿ ಕ್ಷೇಮವಾಗಿವೆ ಎಂದು ತೋಟದಿಂದ ಓಡಿ ಬಂದ ಭಾನುಪ್ರಿಯ ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಕೊನೆಗೆ ನಾಲ್ಕು ಜನರನ್ನು ಒಳಗೆ ಕರೆದು ತೋರಿಸಬೇಕಾಯಿತು.

ಒಳಗೆ, ಜ್ವರದ ಹೊತ್ತಿಗೆ ಹಾಸು ಒಣಗಿರಲೆಂದು ಉದುರಿಸಿದ ಸುಣ್ಣದ ಪುಡಿಯ ನಡುವೆ ಹುಳುಗಳು ತಲೆ ಎತ್ತಿ ಮಲಗಿದ್ದವು. ಗಲಾಟೆ ಕೇಳಿ ಹಿಂದಿನಿಂದ ಗೌಡರ ಹೆಂಡತಿ ಕಾವೇರಮ್ಮ ಬಂದರು. ಐವತ್ತು ವರ್ಷ ಹುಳು ಸಾಕಿದ ಕೈ. ಕೈಯಲ್ಲಿ ಒಂದು ಹಳೆಯ ಪಂಚೆ.

"ಥೂ ನಿಮ್ಮ! ಹುಳ ಜ್ವರಕ್ಕೆ ಕೂತಿರೋ ಮನೇಲಿ ಬಾಯ್ ಬಡ್ಕಂತೀರಲ್ಲಾ, ಬುದ್ಧಿ ಐತಾ? ಇದ್ಯಾವ್ದೋ ಹಕ್ಕಿ ಬೇರೆ, ಬೆಳಗಿಂದ ಟಕ ಟಕ ಟಕ," ಎನ್ನುತ್ತ ಮರಕುಟಿಗನ ಕತ್ತು ಹಿಡಿದು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿ, ಮೇಲೆ ಪಂಚೆ ಹೊದಿಸಿದರು.

"ಅಮ್ಮಾ, ಮುಚ್ಬೇಡಿ!" ಆಫ್ತಾಬ್ ಕಿರುಚಿದ.

"ಯಾಕ್ ಮುಚ್ಬಾರ್ದು? ಹುಳ ಮಲ್ಗಿರೋವಾಗ ಮನೇಲಿ ಯಾವ್ದೂ ಅಲ್ಲಾಡ್ಬಾರ್ದು. ಹೋದ ಸಲಾನೂ ಮಲಗ್ಸಿದ್ದೆ, ಅದ್ರ ಹಿಂದಿನ್ ಸಲಾನೂ ಮಲಗ್ಸಿದ್ದೆ. ಇವ್ಳು ತೋಟದಿಂದ ಬರೋಕೆ ಒಂದ್ ಗಂಟೆ ಮುಂಚೆ ಎಬ್ಬಿಸಿ ಹೋಗ್ತಿದ್ದೆ."

ಆಫ್ತಾಬ್ ಕೇಳಿದ: "ಎಬ್ಬಿಸ್ದಾಗ ಪರದೆ ನೀಲಿ ಇರ್ಲಿಲ್ವಾ ಅಮ್ಮಾ?"

"ಇತ್ತು. ಹಳೇ ಚರ್ಮ ಬುಟ್ಟದೆ ಅನ್ಕಂಡೆ."

ನರೇಂದ್ರ ಪಕ್ಕನೆ ನಕ್ಕ. ಭಾನುಪ್ರಿಯ ಗೋಡೆಗೆ ಒರಗಿ ಕೂತುಬಿಟ್ಟಳು. ಗೌಡರು ಹೆಂಡತಿಯನ್ನು ನೋಡಿದರು, ಲ್ಯಾಪ್‌ಟಾಪನ್ನು ನೋಡಿದರು, ಯಾರ ಮೇಲೆ ರೇಗಬೇಕೋ ತಿಳಿಯದೆ ಆಫ್ತಾಬನ ಮೇಲೆ ರೇಗಿದರು. "ಅವ್ಳು ಮುಚ್ಚಿದ್ದಕ್ಕೆ ಸತ್ತಿರೋದು ಕಣ್ಲಾ! ಮುಚ್ಬೇಡ ಅಂತ ಮೊದ್ಲೇ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?"

"ಇನ್ಮೇಲೆ ಮುಚ್ಬೇಡಿ ಅಮ್ಮಾ, ಅಷ್ಟೇ ಸಾಕು," ಎಂದ ಆಫ್ತಾಬ್. ಅವನಿಗೆ ಕುಣಿಯುವಷ್ಟು ಸಂತೋಷವಾಗಿತ್ತು. ಡ್ರೈವರ್ ಮುಟ್ಟುವುದೇ ಬೇಡ!

ಕಾವೇರಮ್ಮ ಒಪ್ಪಿದರೆ ತಾನೆ? ಸೊಂಟದ ಮೇಲೆ ಕೈ ಇಟ್ಟು ನಿಂತರು. "ಅಲ್ಲಾ ಕಣಪ್ಪಾ, ಮಲ್ಗಿ ಎದ್ರೆ ಸಾಯೋ ಅಂಥ ಪದಾರ್ಥ ಮಾಡಿ ನನ್ ಮನೇಲಿ ಇಟ್ಟಿದೀಯಲ್ಲ, ತಪ್ಪು ಮಲಗ್ಸಿದವ್ಳದಾ, ಮಾಡ್ದೋನ್ದಾ? ಮಲ್ಗಿ ಏಳೋದು ಹುಟ್ಟಿದ ಜೀವಕ್ಕೆಲ್ಲ ಬಂದಿರೋದು. ನಾಳೆ ಕರೆಂಟ್ ಹೋಗಿ ತಾನಾಗೇ ಮಲ್ಕಂಡ್ರೆ ಯಾರಿಗೆ ಬೈತೀಯ?"

"ಮುಚ್ಚಳ ಮುಚ್ಚಿದ್ರೂ ಮಲಗ್ದಂಗೆ ಮಾಡ್ಬೋದು..."

"ಕಣ್ ಮುಚ್ಕಂಡು ಎಚ್ಚರವಾಗಿರೋದು ಕಳ್ರ ಬುದ್ಧಿ. ನನ್ ಮನೇಲಿ ಬ್ಯಾಡ."

ಪಂಚೆ ಹೊದ್ದುಕೊಂಡು ಎಚ್ಚರವಾಗಿದ್ದರೆ ಆ ಶೆಕೆಯಲ್ಲಿ ಲ್ಯಾಪ್‌ಟಾಪ್ ಬೆಂದೇ ಹೋಗುತ್ತದೆ ಎಂಬುದು ಆಫ್ತಾಬನಿಗೂ ಹೊಳೆಯಿತು. ಭಾನುಪ್ರಿಯ ಎದ್ದು ಹೀಟರುಗಳ ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದಳು. ಅವನು ಪಂಚೆ ಸರಿಸಿ ಮುಚ್ಚಳ ತೆರೆದ. ಒಂದು ಕ್ಷಣ ಪ್ರೋಗ್ರಾಮು ಕಂಡಿತು, ಶಾಖ ಸೊನ್ನೆ ಡಿಗ್ರಿ ಎಂದಿತು, ನೀಲಿಯಾಯಿತು. ಆಹಾ! ಬೈರಾಪಟ್ಟಣದಲ್ಲಿ ಸೊನ್ನೆ ಡಿಗ್ರಿ! ಅದೊಂದು ಕ್ಷಣ ಸಾಕಾಯಿತು ಅವನಿಗೆ. ಎದ್ದ ಕೂಡಲೇ ಪ್ರೋಗ್ರಾಮು ಇಲ್ಲದ ಪೆಟ್ಟಿಗೆಯನ್ನು ಶಾಖ ಎಷ್ಟೆಂದು ಕೇಳುತ್ತದೆ. ಇಲ್ಲದ ಪೆಟ್ಟಿಗೆ ಸೆನ್ಸರುಗಳನ್ನು ಕೇಳಬೇಕು. ಅವು ಇನ್ನೂ ಎದ್ದಿಲ್ಲ. ಬಾಯಿಗೆ ಬಂದದ್ದು ಸೊನ್ನೆ. ಅಯ್ಯೋ ಚಳಿ ಎಂದು ಪ್ರೋಗ್ರಾಮು ನಾಲ್ಕೂ ಹೀಟರ್ ಹಾಕುತ್ತದೆ. ಅಷ್ಟರಲ್ಲಿ ಏಳದೇ ಇರುವ ಸೆನ್ಸರನ್ನು ಮುಟ್ಟಲು ಹೋಗಿ ಡ್ರೈವರ್ ಮುಗ್ಗರಿಸುತ್ತದೆ, ಕಂಪ್ಯೂಟರನ್ನೂ ಬೀಳಿಸುತ್ತದೆ. ಹೀಟರ್ ಆರಿಸಲು ಯಾರೂ ಉಳಿಯುವುದಿಲ್ಲ.

ಇದನ್ನು ಅವನು ಗಂಟಲು ಹರಿದುಕೊಂಡು ವಿವರಿಸಿದ. ಕಾವೇರಮ್ಮ ಕೇಳಿ, "ಇದೇನ್ ಹೊಸಾದಾ?" ಎಂದರು. "ಹುಳ ಜ್ವರ ಎದ್ದಾಗ, ನಾಕು ತಲೆ ಆಡ್ಸಿದ್ವು ಅಂತ ಸೊಪ್ಪು ಇಕ್ಬುಡ್ತೀವಾ? ಎದ್ದವು ತಿಂದು ದಪ್ಪ ಆಯ್ತವೆ, ಏಳ್ದೆ ಇರೋವು ಸೊಪ್ಪಿನಡಿ ಸಿಕ್ಕಂಡು ಸಾಯ್ತವೆ. ಎಲ್ಲಾ ಏಳೋಗಂಟ ಕಾಯ್ಬೇಕು. ಆಮೇಲೆ ಸೊಪ್ಪು. ನಿನ್ ಪೆಟ್ಗೆಗೆ ಅಷ್ಟು ಹೇಳ್ಕೊಡಕ್ಕಾಗಲ್ವಾ?"

ಆಫ್ತಾಬ್ ಆ ಮಾತನ್ನು ಹಾಗೇ ಕಟ್ಟಿಕೊಂಡು ಅಂಗಡಿಗೆ ಹೋದ. ಮೂರು ದಿನ ಬೇರೆ ಯಾರ ಕಂಪ್ಯೂಟರನ್ನೂ ಮುಟ್ಟಲಿಲ್ಲ. ನಿದ್ದೆಯಿಂದ ಎದ್ದ ಮೇಲೆ ಎಂಟೂ ಸೆನ್ಸರ್ ಎದ್ದೆ, ಎದ್ದೆ ಎಂದು ಹೇಳುವ ತನಕ ಇಲ್ಲದ ಪೆಟ್ಟಿಗೆ ತುಟಿ ಬಿಚ್ಚಬಾರದು, ಪ್ರೋಗ್ರಾಮು ಎಷ್ಟೇ ಕೇಳಿದರೂ ತಡಿ ಎನ್ನಬೇಕು ಎಂದು ಬರೆದ. ಶನಿವಾರ ಹುಳು ಎರಡನೇ ಜ್ವರಕ್ಕೆ ಕೂತವು. ಕಾವೇರಮ್ಮನನ್ನು ಕರೆದು ಮುಚ್ಚಳ ಮುಚ್ಚಿಸಿದರು. ಅರ್ಧ ನಿದ್ದೆ ಬೇಡ, ಇಡೀ ಜ್ವರ ಮಲಗಲಿ ಎಂದು ಆಕೆ ಅಪ್ಪಣೆ ಮಾಡಿದ್ದರಿಂದ, ಭಾನುಪ್ರಿಯ ಸ್ವಿಚ್ ಬೋರ್ಡಿನ ಪಕ್ಕ ಕೂತು ಬೆಳಗಿನ ತನಕ ಹೀಟರನ್ನು ಕೈಯಲ್ಲೇ ಹಾಕಿ, ಕೈಯಲ್ಲೇ ಆರಿಸಿದಳು. ವಾರದಿಂದ ಅವಳು ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಅವಳ ಗಂಡ ಕೆಂಪರಾಜು ಬಿಡದಿಯ ಕಾರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಊಟ ತಂದಿಟ್ಟು, ಅಲ್ಲೇ ಗೊರಕೆ ಹೊಡೆದ.

ಭಾನುವಾರ ಬೆಳಿಗ್ಗೆ ಮೂವತ್ತೆರಡು ಮನೆಯವರೂ ತಟ್ಟೆ ಹಿಡಿದು ಬಂದಿದ್ದರು. ಮರಿಗಿಂತ ಹೆಚ್ಚಾಗಿ, ಕಂಪ್ಯೂಟರ್ ಜ್ವರ ಏಳುವುದನ್ನು ನೋಡಲು. ಕಿಟಕಿಗೆಲ್ಲ ಮುಖಗಳು. ಆಫ್ತಾಬ್ ಬಿಸ್ಮಿಲ್ಲಾ ಎಂದು ಮುಚ್ಚಳ ತೆರೆದ.

ನೀಲಿ ಬರಲಿಲ್ಲ. "ಒಂದು ಎದ್ದಿದೆ" ಎಂದಿತು ಪರದೆ. ಹೊರಗೆ ಯಾರೋ ಚಪ್ಪಾಳೆ ತಟ್ಟಿ ಗೌಡರಿಂದ ಬೈಸಿಕೊಂಡರು. ಮೂರು ಎದ್ದಿವೆ. ಆರು. ಏಳು. ಏಳಕ್ಕೆ ನಿಂತಿತು. ಜನ ಕಾದರು. ಐದು ನಿಮಿಷ, ಹತ್ತು ನಿಮಿಷ. ಎಂಟನೆಯದು ಏಳಲೇ ಇಲ್ಲ. ಇಲ್ಲದ ಪೆಟ್ಟಿಗೆ ತಡಿ, ತಡಿ ಎನ್ನುತ್ತ ಕೂತಿತು. ಹೊರಗೆ ಮೋಡ, ತಣ್ಣನೆ ಗಾಳಿ; ಒಳಗೆ ಹೀಟರುಗಳನ್ನು ಆಗಲೇ ಪ್ರೋಗ್ರಾಮಿನ ಕೈಗೆ ಒಪ್ಪಿಸಿಯಾಗಿತ್ತು, ಅದು ಹಾಕುತ್ತಿಲ್ಲ. ತಟ್ಟೆಗಳಲ್ಲಿ ಹುಳುಗಳು ಎದ್ದು ಹಸಿವಿಗೆ ತಲೆ ಆಡಿಸುತ್ತಿದ್ದವು. ಭಾನುಪ್ರಿಯ ಗೋಡೆಯ ಶಾಖಮಾಪಕ ನೋಡಿ, "ಅಣ್ಣ, ಇಳೀತಾ ಐತೆ," ಎಂದಳು. ಬೈರಪ್ಪ ಗೌಡರು ಬೇವಿನ ಮರದ ಕಡೆ ತಿರುಗಿ ನೋಡಿದ್ದನ್ನು ಅವಳೂ ನೋಡಿದಳು.

"ಎಲ್ಲಾ ಏಳೋಗಂಟ ಕಾಯಿ ಅಂದ್ರಲ್ಲಾ ಅಮ್ಮಾ!" ಆಫ್ತಾಬ್ ಅಳುವುದೊಂದು ಬಾಕಿ.

"ಎಲ್ಲಾ ಅಂದ್ರೆ ಎಲ್ಲಾನಾ?" ಕಾವೇರಮ್ಮ ಹಣೆ ಚಚ್ಚಿಕೊಂಡರು. "ನೂರಕ್ಕೆ ತೊಂಬತ್ತೈದು ಎದ್ರೆ ಸೊಪ್ಪು ಇಕ್ತೀವಿ ಕಣಪ್ಪಾ! ಒಂದು ಹೊತ್ತು ನೋಡದು. ಆಮೇಲೂ ಏಳ್ದಿದ್ರೆ ಆರ್ಸಿ ಆಚೆಗಾಕದು. ಯಾವ್ದೋ ಒಂದು ಸೋಂಬೇರಿಗೋಸ್ಕರ ಮಿಕ್ಕವ್ನೆಲ್ಲಾ ಉಪವಾಸ ಕೆಡವ್ತಾರಾ? ಇದ್ನೂ ಬಾಯ್ಬುಟ್ಟು ಹೇಳ್ಬೇಕಾ ನಿಂಗೆ?"

ಆಫ್ತಾಬ್ ಅಲ್ಲೇ ನೆಲಕ್ಕೆ ಕೂತು, ತನ್ನ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ನಾಲ್ಕು ಸಾಲು ಸೇರಿಸಿದ. ಎರಡು ನಿಮಿಷ ಕಾಯಿ. ಏಳದವರನ್ನು ಬಿಟ್ಟು ನಡಿ. ಹೊಸ ಡ್ರೈವರ್ ಹಾಕಿ, ಕಾವೇರಮ್ಮನಿಂದ ಮುಚ್ಚಳ ಮುಚ್ಚಿಸಿ, ನೂರು ಎಣಿಸಿ ತೆರೆದ. ಏಳು ಎದ್ದವು. ಎರಡು ನಿಮಿಷ ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಪರದೆ ಹೇಳಿತು: "ಎಂಟನೆಯದು ಎದ್ದಿಲ್ಲ. ಬಿಟ್ಟಿದ್ದೇನೆ. ಶಾಖ ಇಪ್ಪತ್ತನಾಲ್ಕು." ಎರಡು ಹೀಟರ್ ಹೊತ್ತಿಕೊಂಡವು. ಇಪ್ಪತ್ತೇಳು ಮುಟ್ಟಿದ ಮೇಲೆ ತಾವಾಗಿಯೇ ಆರಿದವು.

ಆಫ್ತಾಬ್ ಹೋ ಎಂದು ಕೂಗಿದ. ಭಾನುಪ್ರಿಯ ಕೂಗಲಿಲ್ಲ. ಹೆಚ್ಚಿದ ಸೊಪ್ಪನ್ನು ಒಂದೊಂದೇ ತಟ್ಟೆಗೆ ಉದುರಿಸುತ್ತ ಹೋದಳು. ಕೊನೆಯ ತಟ್ಟೆಗೆ ಉದುರಿಸಿ, ಸೊಪ್ಪಿನ ಕೋಣೆಯೊಳಗೆ ಒದ್ದೆ ಗೋಣಿಚೀಲದ ಮೇಲೆ ಒಂದು ಗಳಿಗೆ ಕೂರುತ್ತೇನೆಂದು ಕೂತವಳು, ಹಾಗೇ ಪಕ್ಕಕ್ಕೆ ಒರಗಿ ನಿದ್ದೆ ಹೋದಳು.

ಹೊರಗೆ ನರೇಂದ್ರ ತಟ್ಟೆ ಬಡಿದ. "ಭಾನಕ್ಕಾ, ಹುಳ ಕೊಡಕ್ಕೋ! ಮಾಗಡಿಗೆ ಹೋಗ್ಬೇಕು!"

ಬೈರಪ್ಪ ಗೌಡರು ಒಳಗೆ ಇಣುಕಿದರು. ಸೊಸೆಯನ್ನು ನೋಡಿದರು. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಹೊಸ್ತಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟರು.

"ಬಾಯ್ ಮುಚ್ಲಾ. ಮಲ್ಗವ್ಳೆ."

"ಎಬ್ಬಿಸಿ ಗೌಡ್ರೇ, ಹೊತ್ತಾಯ್ತದೆ."

"ಎಬ್ಬಿಸಾಕಿಲ್ಲ. ಅವ್ಳಾಗಿ ಎದ್ದೇಳ್ತಾಳೆ. ಕಾಯಂಗಿದ್ರೆ ಕಾಯಿ."

"ನೀವೇ ಕೊಟ್ಬುಡಿ, ನೀವೂ ಇದೇ ಮನೆಯವ್ರಲ್ವಾ?"

"ನಾನ್ಯಾರ್ಲಾ ಕೊಡಕ್ಕೆ?" ಎಂದರು ಗೌಡರು. "ಅದು ಅವ್ಳ ಚಾಕಿ ಮನೆ."

ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕಾವೇರಮ್ಮ ಗಂಡನ ಮುಖ ನೋಡಿ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ಆಫ್ತಾಬನ ಮೊಬೈಲ್ ಹೊಡೆದುಕೊಂಡಿತು. ಮೂವತ್ತೆರಡು ಮನೆಯವರೂ ತಿರುಗಿ ಗುರಾಯಿಸಿದ್ದಕ್ಕೆ ತೆಗೆದು ಆರಿಸಿದ. ಜನ ಒಬ್ಬೊಬ್ಬರೇ ನೆರಳು ನೋಡಿ ಕೂತರು. ನಡುವೆ ಎದ್ದು ಹೋಗಬೇಕಾದವರು ಬೈಕನ್ನು ರಸ್ತೆಯ ತನಕ ತಳ್ಳಿಕೊಂಡೇ ಹೋಗಬೇಕೆಂದು ಯಾರೂ ಹೇಳದೆ ನಿಶ್ಚಯವಾಯಿತು.

ಮಧ್ಯಾಹ್ನ ಎರಡಕ್ಕೆ ಬಾಗಿಲು ಕಿರ್ರೆಂದಿತು. ಕೆನ್ನೆಗೆ ಹಿಪ್ಪುನೇರಳೆ ಎಲೆ ಅಂಟಿಸಿಕೊಂಡು ಭಾನುಪ್ರಿಯ ಹೊರಗೆ ಬಂದಳು. ಅಂಗಳದ ತುಂಬ ಮಾತಿಲ್ಲದೆ ಕೂತ ಜನರನ್ನು ನೋಡಿ ಅವಳ ಜೀವ ಬಾಯಿಗೆ ಬಂತು.

"ಏನಾಯ್ತು ಮಾವ? ಹುಳ ಹೋದ್ವಾ?"

"ಹುಳಕ್ಕೇನಾಗೈತೆ, ಗುಂಡ್ಕಲ್ಲಂಗವೆ," ಎಂದರು ಗೌಡರು. ಮಂಡಿ ಹಿಡಿದುಕೊಂಡು ಹೊಸ್ತಿಲಿಂದ ಎದ್ದು ಪಕ್ಕಕ್ಕೆ ಸರಿದು ನಿಂತರು. "ಪೂರ್ತಿ ಎದ್ಯೇನವ್ವಾ?"

"ಹೂಂ ಮಾವ."

"ಮುಖ ತೊಳ್ಕಂಡು ಬಾ. ನಿನ್ ಮನೆ ಬಾಗ್ಲಲ್ಲಿ ಜನ ಕಾಯ್ತಾವ್ರೆ."

ಅವಳು ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಬಂತು, ನಿಂತಿತು. ಆಮೇಲೆ ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ. ಒಳಗಿಂದ ಬಿಕ್ಕುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಯಾರೂ ಕರೆಯಲಿಲ್ಲ. ತಟ್ಟೆ ಹಿಡಿದುಕೊಂಡು ಕಾದರು.